ಬೆಲೆ ಹೇಳದೆ ಕೆಲಸ ಗೆಲ್ಲುವವರು

ಕಟ್ಟಡ ಉದ್ಯಮದ ಮಾರ್ಕೆಟಿಂಗ್ ಅಂದರೆ ನಮ್ಮಲ್ಲಿ ಫ್ಲ್ಯಾಟಿನ ಬ್ರೋಷರು, ಸಿಮೆಂಟಿನ ಗೋಡೆಬರಹ, ಡೀಲರುಗಳ ಔತಣಕೂಟ. ಅಮೆರಿಕದಲ್ಲಿರುವ ಅಕ್ಕನ ಮಗಳು ತನ್ನ ವೃತ್ತಿಯವರ ರಾಷ್ಟ್ರೀಯ ಸಮ್ಮೇಳನಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಫ್ಲ್ಯಾಟ್ ಮಾರುವವರು ಅಲ್ಲಿ ಒಬ್ಬರೂ ಕಾಣಲಿಲ್ಲ. ಸೇತುವೆ, ಆಸ್ಪತ್ರೆ, ನೀರು ಶುದ್ಧೀಕರಣ ಘಟಕಗಳನ್ನು ವಿನ್ಯಾಸ ಮಾಡುವ ಸಂಸ್ಥೆಗಳ ಪರವಾಗಿ ಪ್ರಪೋಸಲ್ ಬರೆಯುವವರೇ ಸಭಾಂಗಣದ ತುಂಬ. ಅವರಲ್ಲಿ ಹೆಚ್ಚಿನವರು ಹೆಂಗಸರು. ಊಟದ ಮೇಜಿನಲ್ಲಿ ಕೇಳಿದ್ದೂ ಗಡುವಿನ ಮಾತೇ, ಎಂಜಿನಿಯರುಗಳಿಂದ ಹೊತ್ತಿಗೆ ಸರಿಯಾಗಿ ಮಾಹಿತಿ ಹೊರಡಿಸುವ ಕಷ್ಟದ ಮಾತೇ.

ಇವರ ಸಂಘದ ಹೆಸರು ಸೊಸೈಟಿ ಫಾರ್ ಮಾರ್ಕೆಟಿಂಗ್ ಪ್ರೊಫೆಷನಲ್ ಸರ್ವಿಸಸ್. ಹುಟ್ಟಿದ್ದು 1973ರಲ್ಲಿ, ಮುಖ್ಯ ಕಚೇರಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ. ವಾರ್ಷಿಕ ಸಮ್ಮೇಳನವನ್ನು ಬಹುಕಾಲ ‘ಬಿಲ್ಡ್ ಬಿಸಿನೆಸ್’ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದಿತ್ತು. ಸಂಘ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಟೆಕ್ಸಾಸಿನ ಸಂಸದ ಜ್ಯಾಕ್ ಬ್ರೂಕ್ಸ್ ಹೆಸರಿನ ಕಾಯ್ದೆಯೊಂದು ಜಾರಿಗೆ ಬಂತು. ಅದರ ಪ್ರಕಾರ ಅಲ್ಲಿನ ಕೇಂದ್ರ ಸರ್ಕಾರಕ್ಕೆ ವಾಸ್ತುಶಿಲ್ಪಿಯೋ ಎಂಜಿನಿಯರೋ ಬೇಕಾದರೆ ಮೊದಲು ದರ ಕೇಳುವಂತಿಲ್ಲ. ಅರ್ಹತೆ, ಅನುಭವ ನೋಡಿ ಕನಿಷ್ಠ ಮೂರು ಸಂಸ್ಥೆಗಳನ್ನು ಆರಿಸಿ ಕ್ರಮಾಂಕ ಕೊಡಬೇಕು. ಮೊದಲನೆಯವರ ಜತೆ ಶುಲ್ಕದ ಮಾತುಕತೆ. ಕುದುರದಿದ್ದರೆ ಎರಡನೆಯವರ ಜತೆ. ವಿನ್ಯಾಸದ ಶುಲ್ಕ ಸಾಮಾನ್ಯವಾಗಿ ಕಟ್ಟಡದ ಅಂದಾಜು ವೆಚ್ಚದ ಶೇ 6ನ್ನು ದಾಟಬಾರದು ಎಂಬ ಮಿತಿಯೂ ಇದೆ. ಕಡಿಮೆ ಬೆಲೆ ಕೂಗಿ ಗೆಲ್ಲುವ ದಾರಿ ಮುಚ್ಚಿದ ಮೇಲೆ ಉಳಿಯುವುದು ಒಂದೇ: ನಾವು ಯಾರು, ಏನು ಮಾಡಿದ್ದೇವೆ ಎಂದು ಕಾಗದದ ಮೇಲೆ ತೋರಿಸುವುದು. ಈ ವೃತ್ತಿಗೆ ಅನ್ನ ಹಾಕುತ್ತಿರುವುದು ಅದೇ.

ಆ ಕಾಗದದ ಹೆಸರು ಎಸ್‌ಎಫ್ 330. 2004ರಲ್ಲಿ ಎರಡು ಹಳೆಯ ನಮೂನೆಗಳ ಜಾಗಕ್ಕೆ ಬಂದದ್ದು. ಪ್ರಮುಖ ಸಿಬ್ಬಂದಿಯ ಬಯೋಡೇಟಾ ಅದರ ‘ಇ’ ಭಾಗ. ಹಿಂದೆ ಮಾಡಿದ ಕೆಲಸಗಳು ‘ಎಫ್’ ಭಾಗ, ಸಾಮಾನ್ಯವಾಗಿ ಹತ್ತು. ಇಷ್ಟು ಯಾವ ಅರ್ಜಿಯಲ್ಲೂ ಇರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಜಿ’ ಭಾಗ. ಎಡಗಡೆ ಸಾಲಾಗಿ ಹೆಸರುಗಳು, ಮೇಲ್ಗಡೆ ಒಂದರಿಂದ ಹತ್ತರವರೆಗೆ ಕೆಲಸಗಳ ಸಂಖ್ಯೆ. ಯಾರು ಯಾವ ಕೆಲಸದಲ್ಲಿ ಈಗಿನಂಥದೇ ಹೊಣೆ ಹೊತ್ತಿದ್ದರೋ ಆ ಮನೆಯಲ್ಲಿ ಒಂದು ಎಕ್ಸ್ ಗುರುತು. ನೋಡಲು ನಮ್ಮ ಚೌಕಾಬಾರದ ಮಣೆ.

“ಮಾಮ, ಪುಟಗಟ್ಟಲೆ ಒಳ್ಳೊಳ್ಳೆ ಮಾತು ಬರೀಬಹುದು. ಇಲ್ಲಿ ಎಕ್ಸ್ ಬೀಳಲಿಲ್ಲ ಅಂದ್ರೆ ಅದನ್ನ ಯಾರು ನಂಬ್ತಾರೆ?” ಅಂದಳು ಹುಡುಗಿ.

ನಾನು ಅವಳ ಪಕ್ಕದಲ್ಲೇ ಕೂತು ಆ ಕೋಷ್ಟಕವನ್ನು ಅಡ್ಡಕ್ಕೂ ಉದ್ದಕ್ಕೂ ಓದಿದೆ. ಒಂದು ಸಾಲಿನಲ್ಲಿ ಒಂದೇ ಎಕ್ಸ್ ಇದ್ದರೆ, ಅವರು ದೊಡ್ಡ ಹೆಸರಿನವರಾದರೂ ಈ ತಂಡಕ್ಕೆ ಹೊಸಬರು. ಒಂದು ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಎಕ್ಸ್ ತುಂಬಿದ್ದರೆ, ಆ ಆಸ್ಪತ್ರೆಯನ್ನು ಇದೇ ಮಂದಿ ಕೂಡಿ ಮಾಡಿದ್ದಾರೆ. ಒಬ್ಬರ ಸಿಟ್ಟು, ಒಬ್ಬರ ಜಾಣ್ಮೆ ಇನ್ನೊಬ್ಬರಿಗೆ ಗೊತ್ತು. ಕಾಲಮ್ಮಿಗೆ ಕಾಲಮ್ಮೇ ಖಾಲಿಯಿದ್ದರೆ, ಸಂಸ್ಥೆ ಹೆಮ್ಮೆಯಿಂದ ತೋರಿಸುತ್ತಿರುವ ಆ ಕೆಲಸ ಮಾಡಿದವರು ಈ ತಂಡದಲ್ಲಿ ಇಲ್ಲ. ಆದ್ದರಿಂದ ಪ್ರಪೋಸಲ್ ಬರೆಯುವವರ ತಲೆನೋವು ಯಾವ ಹತ್ತನ್ನು ಆರಿಸುವುದು ಎಂಬುದು. ಪ್ರಶಸ್ತಿ ಪಡೆದ ವಿಮಾನ ನಿಲ್ದಾಣವೋ, ತಂಡದ ಐವರು ಸೇರಿ ದುಡಿದ ಸಣ್ಣ ಶಾಲೆಯೋ? ನಾನಾಗಿದ್ದರೆ ಶಾಲೆಯನ್ನೇ ಹಾಕುತ್ತಿದ್ದೆ. ಕಟ್ಟಡ ಸೋರಿದರೂ ಎಕ್ಸ್ ಎಕ್ಸೇ, ಗುಣದ ಅಳತೆ ಅದರಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ವಿಶೇಷಣಗಳಿಗೆ ಜಾಗವೇ ಕೊಡದ ಇಂಥ ಜಾಹೀರಾತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಮ್ಮೇಳನದ ಭಾಷಣ, ಪ್ರಶಸ್ತಿಗಳು ಎಲ್ಲ ಕಡೆ ಇರುವಂಥವೇ. ಒಂದು ಗೋಷ್ಠಿ ಮಾತ್ರ ಚೆನ್ನಾಗಿತ್ತು. ಶಾರ್ಟ್‌ಲಿಸ್ಟ್ ಆದ ಮೇಲಿನ ಸಂದರ್ಶನಕ್ಕೆ ಎಂಜಿನಿಯರನ್ನು ತಯಾರು ಮಾಡುವುದು ಹೇಗೆ ಎಂಬುದು ವಿಷಯ. ನಾಳೆ ಕೆಲಸ ಮಾಡುವವರೇ ಇವತ್ತು ಮಾತಾಡಬೇಕು, ಮಾತುಗಾರರನ್ನು ಬಾಡಿಗೆಗೆ ತಂದು ನಿಲ್ಲಿಸಬಾರದು ಎಂದು ಅಲ್ಲಿ ಒತ್ತಿ ಹೇಳಿದರು.

ಹೀಗೆ ಮಾರ್ಕೆಟಿಂಗಿಗೇ ಸಮ್ಮೇಳನ ನಡೆಯುವ ಅಮೆರಿಕದಲ್ಲೇ ವಾಸ್ತುಶಿಲ್ಪಿಗಳ ಸಂಘ ಸದಸ್ಯರು ಜಾಹೀರಾತು ಕೊಡುವುದನ್ನು 1978ರವರೆಗೆ ತಡೆದಿತ್ತು. ಎಂಜಿನಿಯರುಗಳ ಸಂಘವೊಂದು ತನ್ನವರು ದರಪೈಪೋಟಿಗೆ ಇಳಿಯಬಾರದೆಂದು ಹಾಕಿದ್ದ ಕಟ್ಟನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ವರ್ಷ. ನಮ್ಮಲ್ಲಿ 1989ರ ವೃತ್ತಿ ನಡತೆಯ ನಿಯಮಾವಳಿ ವಾಸ್ತುಶಿಲ್ಪಿ ಜಾಹೀರಾತು ಕೊಡಬಾರದೆಂದಿತು. ಕಚೇರಿಯ ಹೊರಗೂ ತಾನು ವಿನ್ಯಾಸ ಮಾಡಿದ ಕಟ್ಟಡದ ಮೇಲೂ ಹೆಸರು ಹಾಕಿಕೊಳ್ಳಬಹುದು, ಅಕ್ಷರದ ಎತ್ತರ ಮಾತ್ರ 10 ಸೆಂಟಿಮೀಟರ್ ಮೀರಬಾರದು. ಬೆಂಗಳೂರಿನಲ್ಲಿ ಬಿಲ್ಡರನ ಹೆಸರು ಹೊತ್ತ ಮಾರುದ್ದದ ಫಲಕಗಳ ಮುಂದೆ ವಾಸ್ತುಶಿಲ್ಪಿಯ ಹೆಸರು ಕಣ್ಣಿಗೆ ಬೀಳದ್ದರಲ್ಲಿ ಆಶ್ಚರ್ಯವಿಲ್ಲ. ಹೆಸರು ತಿಳಿದರೆ ಹೊಗಳುವುದಕ್ಕೂ ಬೈಯುವುದಕ್ಕೂ ಒಬ್ಬರು ಸಿಗುತ್ತಾರೆ ಎಂಬ ಕಾರಣಕ್ಕೆ ನನಗೆ ಈ ಮಿತಿ ಒಪ್ಪಿಗೆಯಿಲ್ಲ.

ಬ್ರೂಕ್ಸ್ ಕಾಯ್ದೆ ವಿನ್ಯಾಸಕ್ಕೆ ಮಾತ್ರ, ಕಟ್ಟುವ ಗುತ್ತಿಗೆಗಲ್ಲ. ಹಾಗಾಗಿ ಅತಿ ಕಡಿಮೆ ದರ ಹೇಳಿದವರಿಗೆ ಕೆಲಸ ಕೊಡುವ ನಮ್ಮ ಲೋಕೋಪಯೋಗಿ ಕಾಮಗಾರಿಯ ಎಲ್-ಒನ್ ಪದ್ಧತಿಯನ್ನು ಅದರ ಎದುರು ನಿಲ್ಲಿಸುವುದು ಸರಿಯಲ್ಲ. ಹೋಲಿಸಬೇಕಾದ್ದು ವಿಸ್ತೃತ ಯೋಜನಾ ವರದಿ (ಡಿಪಿಆರ್) ಬರೆಯುವ ಸಲಹಾ ಸಂಸ್ಥೆಗಳ ಆಯ್ಕೆಯನ್ನು. ಚರಂಡಿಯ ಇಳಿಜಾರು, ಸೇತುವೆಯ ಎತ್ತರ ತೀರ್ಮಾನವಾಗುವುದು ಅಲ್ಲಿಯೇ. ಗುಣ ಮತ್ತು ದರ ಎರಡಕ್ಕೂ ಅಂಕ ಕೊಡುವ ಕ್ರಮ ನಮ್ಮಲ್ಲೂ ಇದೆ. ಬಯೋಡೇಟಾ ಕೇಳುತ್ತಾರೆ, ಹಿಂದಿನ ಕೆಲಸಗಳ ಪಟ್ಟಿ ಕೇಳುತ್ತಾರೆ. ಆ ಎರಡು ಪಟ್ಟಿಗಳ ನಡುವೆ ಗೆರೆ ಎಳೆದು, ಈ ಮನುಷ್ಯ ಈ ಕೆಲಸದಲ್ಲಿದ್ದನೇ ಎಂದು ಕೇಳುವ ಒಂದು ಪುಟವನ್ನು ಟೆಂಡರ್ ದಾಖಲೆಗೆ ಸೇರಿಸಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.