ಚಿತ್ತದ ರೋಗವೂ ಮನೆಯವರ ಕರ್ತವ್ಯವೂ

ಜ್ವರವು ಬಂದರೆ ಮೈ ಮುಟ್ಟಿ ತಿಳಿಯುವೆವು. ಚಿತ್ತದ ರೋಗಕ್ಕೆ ಅಂತಹ ಗುರುತಿಲ್ಲ. ಅದು ಬಹುಮಟ್ಟಿಗೆ ಮೆಲ್ಲಮೆಲ್ಲಗೆ ಬರುವುದು. ಓದಿನಲ್ಲಿ ಚುರುಕಾಗಿದ್ದ ಹುಡುಗನು ಪುಸ್ತಕವನ್ನು ಮುಚ್ಚಿಡುವನು, ಗೆಳೆಯರನ್ನು ತೊರೆಯುವನು, ರಾತ್ರಿಯೆಲ್ಲ ನಿದ್ರೆಯಿಲ್ಲದೆ ನಡೆದಾಡುವನು, ಸ್ನಾನಭೋಜನಗಳ ಪರಿವೆ ತಪ್ಪುವುದು. ತಂದೆಯು ಇದನ್ನು ಸೋಮಾರಿತನವೆಂದೂ, ನೆರೆಯವರು ಗಾಳಿ ಸೋಕಿತೆಂದೂ, ಸೋದರಮಾವನು ಮದುವೆಮಾಡಿದರೆ ಸರಿಹೋಗುವುದೆಂದೂ ಹೇಳುವರು. ಈ ಕಡೆಯ ಮಾತಿನಷ್ಟು ಕೇಡಿನ ಮಾತು ಬೇರೊಂದಿಲ್ಲವೆಂದು ನಮ್ಮ ಮತವು. ಏನನ್ನೂ ಅರಿಯದ ಇನ್ನೊಂದು ಮನೆಯ ಮಗಳೂ ಆ ಸಂಕಟಕ್ಕೆ ಪಾಲುಗಾರಳಾಗುವಳು.

ಕಾಲಕ್ರಮದಲ್ಲಿ ಯಾರೂ ಇಲ್ಲದೆಡೆಯಿಂದ ಮಾತುಗಳು ಕೇಳಿಸತೊಡಗುವುವು. ಅನ್ನದಲ್ಲಿ ವಿಷವಿದೆಯೆಂಬ, ಬೀದಿಯವರೆಲ್ಲರೂ ತನ್ನನ್ನೇ ಆಡಿಕೊಳ್ಳುವರೆಂಬ ಶಂಕೆಯು ಬೇರೂರುವುದು. ಸ್ಕಿಜೋಫ್ರೀನಿಯಾ ಎಂಬ ರೋಗದಲ್ಲಿ ಕಾಣುವ ಲಕ್ಷಣಗಳಿವು. ಲೋಕದಲ್ಲಿ ಸುಮಾರು 300 ಜನರಿಗೆ ಒಬ್ಬರಂತೆ ಇದಕ್ಕೆ ಗುರಿಯಾಗಿರುವರು. ಹೆಚ್ಚಾಗಿ ಎಳೆಯ ಪ್ರಾಯದಲ್ಲಿಯೇ.

ವಿಷವಿಲ್ಲವೆಂದು ರೋಗಿಯೊಡನೆ ವಾದಿಸಿ ಗೆದ್ದವರಿಲ್ಲ. ಹೌದೆಂದು ತಲೆದೂಗುವುದೂ ತರವಲ್ಲ. "ನಿನಗೆ ಬಹಳ ಭಯವಾಗಿದೆಯಲ್ಲವೇ ಮಗು, ನಾನು ಇಲ್ಲಿಯೇ ಇರುವೆನು" ಎಂದು ತಾಯಿಯಾದವಳು ಹೇಳಬಹುದು. ತಾನು ರೋಗಿಯೆಂದು ಒಪ್ಪದವನೂ ನಿದ್ರೆಯಿಲ್ಲದ ಬಾಧೆಯನ್ನು ಅನೇಕವೇಳೆ ಒಪ್ಪುವನು. ಅದನ್ನೇ ಮುಂದಿಟ್ಟು ಮಾನಸಿಕ ವೈದ್ಯರಲ್ಲಿಗೆ ಕರೆದೊಯ್ಯುವುದು ಸುಲಭವಾದ ದಾರಿ.

1952ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಪ್ರಯೋಗಿಸಿದಂದಿನಿಂದ ಇಂತಹ ರೋಗಗಳಿಗೆ ಮದ್ದುಗಳು ಬೆಳೆದುಬಂದಿವೆ. ಚಿಕಿತ್ಸೆಯು ತಡವಾದಷ್ಟೂ ಚೇತರಿಕೆಯು ಕಷ್ಟವಾಗುವುದು. ಆದರೆ ರೋಗಿಯು ನಗುನಗುತ್ತ ಊಟಕ್ಕೆ ಕುಳಿತ ದಿನವೇ "ಇನ್ನೇಕೆ ಗುಳಿಗೆ?" ಎಂದು ಹಿರಿಯರು ಕೇಳುವರು! ವೈದ್ಯರನ್ನು ಕೇಳದೆ ನಿಲ್ಲಿಸಿದಲ್ಲಿ ರೋಗವು ಮರುಕಳಿಸುವುದೇ ಹೆಚ್ಚು.

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಗಳ ಬಂಧುಗಳನ್ನೂ ಗುಡಾರಗಳಲ್ಲಿ ಜೊತೆಗಿರಿಸಿ, ರೋಗದ ಸ್ವರೂಪವನ್ನು ಅವರಿಗೆ ತಿಳಿಸಿಕೊಟ್ಟರು. ಶುಶ್ರೂಷೆಯಲ್ಲಿ ಮನೆಯವರ ಸ್ಥಾನವೇನೆಂಬುದನ್ನು ಆ ಮಹನೀಯರು ಅಷ್ಟು ಹಿಂದೆಯೇ ಕಂಡಿದ್ದರು. ನಮ್ಮಲ್ಲಿಯಾದರೋ ಹಿತ್ತಲ ಕೋಣೆಯ ಅಗಣಿಯೇ ಎಷ್ಟೋ ಮನೆಗಳಲ್ಲಿ ಔಷಧವಾಗಿತ್ತು. ಮಾನಸಿಕ ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ.

ರೋಗಿಯು ಸಾವಿನ ಮಾತನ್ನಾಡಿದರೆ, ಅನ್ನನೀರು ಬಿಟ್ಟರೆ, ಬೆಳಗಾಗಲೆಂದು ಕಾಯಲಾಗದು. ಒಬ್ಬಂಟಿಯಾಗಿ ಬಿಡದೆ, ಗದ್ದೆಯ ಕೀಟನಾಶಕ, ಹಗ್ಗ, ಕತ್ತಿಗಳನ್ನು ಕೈಗೆಟುಕದಂತಿರಿಸಿ, ಕೂಡಲೇ ಹತ್ತಿರದ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಈ ರೋಗಗಳಿಗೆಂದೇ ಚಿಕಿತ್ಸೆಯುಂಟು. ಸರಕಾರವು 2022ರಲ್ಲಿ ತೆರೆದ ಟೆಲಿ-ಮಾನಸ್ ದೂರವಾಣಿಯು, 14416ರಲ್ಲಿ, ಹಗಲಿರುಳೂ ಬಿಟ್ಟಿಯಾಗಿ ಸಲಹೆ ಕೊಡುವುದು, ಕನ್ನಡದಲ್ಲಿಯೇ ಮಾತನಾಡಬಹುದು.