ಎಂಬತ್ತೇಳರ ಲೆಕ್ಕ, ಒಂಬತ್ತರ ಲೆಕ್ಕ

ಪುಟಾಣಿ ರೈಲು ಕಟ್ಟುವ ಹವ್ಯಾಸವಿರುವ ಓದುಗರೊಬ್ಬರು ಒಂದು ಫೋಟೊ, ಒಂದು ವಿಡಿಯೊ ಕಳಿಸಿದ್ದಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಂಡನ್ನು ಅವರು ಮಹಡಿ ಕೋಣೆಯಲ್ಲಿ ಕಟ್ಟಿದ್ದಾರೆ: ಸುರಂಗದ ಬಾಯಿ, ಕಬ್ಬಿಣದ ಸೇತುವೆ, ಪಾಚಿ ಹಿಡಿದ ಗೋಡೆ, ಮಳೆಗಾಲದ ಕಾಡು. ಫೋಟೊ ನೋಡಿದವರು ಅದು ನಿಜವಾದ ಘಾಟಿಯೆಂದೇ ನಂಬಬೇಕು. ವಿಡಿಯೊದಲ್ಲಿ ಮಾತ್ರ ಗಾಡಿ ಹೊರಟ ಕೂಡಲೇ ಆಟಿಕೆ. “ಅಳತೆ ಎಲ್ಲ ಸರಿಯಾಗಿಯೇ ಇದೆ, ಓಡಿದಾಗ ಬಣ್ಣ ಬಯಲಾಗುವುದೇಕೆ?” ಎಂಬುದು ಅವರ ಪ್ರಶ್ನೆ.

ಅಳತೆ ಸರಿಯಾಗಿರುವುದರಿಂದಲೇ ಎಂದರೆ ಅವರಿಗೆ ಬೇಸರವಾಗಬಹುದು. ಆದರೆ ಉತ್ತರ ಇರುವುದು ಅಲ್ಲೇ.

ಅವರದು ಎಚ್‌ಒ ಅಳತೆ. ಅಸಲಿನ 87 ಮಿಲಿಮೀಟರಿಗೆ ಇಲ್ಲಿ ಒಂದು ಮಿಲಿಮೀಟರ್. 21 ಮೀಟರ್ ದಾಟುವ ನಮ್ಮ ಬೋಗಿ ಇಲ್ಲಿ ಒಂದು ಗೇಣಿಗಿಂತ ತುಸು ಹೆಚ್ಚು. ಐದು ಸೆಂಟಿಮೀಟರಿನ ಜಲ್ಲಿ ಸಣ್ಣ ಮರಳಾಗುತ್ತದೆ. ಇಷ್ಟು ಸಲೀಸು. ತೂಕಕ್ಕೆ ಬಂದರೆ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರನ್ನೂ 87ರಿಂದ ಭಾಗಿಸಿದ ಮೇಲೆ ತೂಕವನ್ನು 87ರ ಘನದಿಂದ, ಅಂದರೆ 6,58,503ರಿಂದ ಭಾಗಿಸಬೇಕು. ಆ ಘಾಟಿ ಹತ್ತಿದ 126 ಟನ್ನಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಇಲ್ಲಿ 191 ಗ್ರಾಂ ತೂಗಬೇಕು. ಅಷ್ಟು ಹಗುರವಾದರೆ ಚಕ್ರ ಹಳಿಯನ್ನು ಸರಿಯಾಗಿ ಒತ್ತುವುದಿಲ್ಲ. ಎಳೆಯುವ ಬಲವೂ ಸಾಲದು, ಹಳಿಯಿಂದ ಚಕ್ರಕ್ಕೆ ವಿದ್ಯುತ್ತೂ ತಡೆಯಿಲ್ಲದೆ ಹರಿಯದು. ಅದಕ್ಕೇ ತಯಾರಕರು ಎಂಜಿನ್ನಿನ ಹೊಟ್ಟೆಯೊಳಗೆ ಲೋಹದ ಗಟ್ಟಿ ತುಂಬಿ ಕಳಿಸುತ್ತಾರೆ. ಗಾತ್ರ ಬದಲಾದರೆ ಗುಣವೂ ಬದಲಾಗುತ್ತದೆ ಎಂಬುದನ್ನು ಗೆಲಿಲಿಯೊ 1638ರ ಪುಸ್ತಕದಲ್ಲೇ ವಿವರಿಸಿದ್ದ. ಡಬ್ಬಿಯ ಮೇಲೆ “ಅಸಲಿನ ಪಡಿಯಚ್ಚು” ಎಂದು ಮುದ್ರಿಸುವವರು ಅದನ್ನು ಓದಿದಂತಿಲ್ಲ.

ಈಗ ಕಾಲದ ವಿಚಾರ. ನಮ್ಮ ಓದುಗರ ವಿಡಿಯೊ ಎಡವಿದ್ದು ಇಲ್ಲಿ.

ಎತ್ತರದ ಮಾವಿನ ಕೊಂಬೆಗೆ 8.7 ಮೀಟರ್ ಹಗ್ಗದಲ್ಲಿ ಜೋಕಾಲಿ ಕಟ್ಟಿದ್ದೀರಿ ಎನ್ನಿ. ಒಮ್ಮೆ ಮುಂದೆ ಹೋಗಿ ಹಿಂದೆ ಬರಲು ಅದಕ್ಕೆ ಸುಮಾರು ಆರು ಸೆಕೆಂಡ್ ಬೇಕು. ಕೂತವರು ದಪ್ಪವೋ ಸಣಕಲೋ, ಲೆಕ್ಕ ಬದಲಾಗದು. ಹಗ್ಗದ ಉದ್ದವೊಂದೇ ಮುಖ್ಯ. ಈಗ ಅದರ ಎಚ್‌ಒ ಮಾದರಿ ಮಾಡಿ: ಹತ್ತು ಸೆಂಟಿಮೀಟರ್ ದಾರ, ತುದಿಯಲ್ಲೊಂದು ನಟ್ಟು. ಅದು ಹೋಗಿ ಬರಲು ಬೇಕಾಗುವುದು 0.63 ಸೆಕೆಂಡ್. ದಾರ 87 ಪಟ್ಟು ಗಿಡ್ಡವಾಯಿತು, ಸಮಯ ಕಡಿಮೆಯಾದದ್ದು ಸುಮಾರು 9.3 ಪಟ್ಟು ಮಾತ್ರ. 87ರ ವರ್ಗಮೂಲ ಅದು. ದೊಡ್ಡ ಜೋಕಾಲಿ ಗಂಭೀರವಾಗಿ ತೂಗುತ್ತಿದ್ದರೆ ಪುಟ್ಟದ್ದು ಚಡಪಡಿಸುತ್ತದೆ. ಎರಡನ್ನೂ ಎಳೆಯುತ್ತಿರುವ ಗುರುತ್ವ ಒಂದೇ. ನಾವು ಹಗ್ಗ ಕುಗ್ಗಿಸಬಲ್ಲೆವು, ಭೂಮಿಯನ್ನು ಕುಗ್ಗಿಸಲಾರೆವು. ಜೋಕಾಲಿಗಷ್ಟೇ ಅಲ್ಲ, ಬೀಳುವುದು, ಓಲಾಡುವುದು, ಅಲೆ ಏಳುವುದು ಎಲ್ಲಕ್ಕೂ ಇದೇ ನಿಯಮ. ಹಳಿಯ ಜೋಡಣೆ ದಾಟುವಾಗ ನಿಜವಾದ ಬೋಗಿ ನಿಧಾನವಾಗಿ ಓಲುತ್ತದೆ, ಮಾದರಿ ಬೋಗಿ ಒಂಬತ್ತು ಪಟ್ಟು ಬೇಗ ನಡುಗುತ್ತದೆ. ನಮ್ಮ ಕಣ್ಣು ಲೆಕ್ಕ ಬರೆಯದೆಯೇ ಅದನ್ನು ಹಿಡಿಯುತ್ತದೆ. ಫೋಟೊದಲ್ಲಿ ಕಾಲವೇ ಇಲ್ಲದ್ದರಿಂದ ಕಣ್ಣಿಗೆ ಸುಳಿವು ಸಿಗುವುದಿಲ್ಲ.

ಈ ವರ್ಗಮೂಲದ ನಿಯಮವನ್ನು ಎಂಜಿನಿಯರುಗಳ ಕೈಗೆ ಕೊಟ್ಟವನು ವಿಲಿಯಂ ಫ್ರೂಡ್ ಎಂಬ ಇಂಗ್ಲೆಂಡಿನವ. ಹಡಗು ಕಟ್ಟುವ ಮೊದಲೇ ಅದರ ಚಿಕ್ಕ ಮಾದರಿಯನ್ನು ನೀರಿನಲ್ಲಿ ಎಳೆದು ನಿಜವಾದ ಹಡಗಿಗೆ ಬೇಕಾಗುವ ಬಲವನ್ನು ಹೇಳಬಹುದೇ ಎಂಬುದು ಆ ಕಾಲದ ದೊಡ್ಡ ಜಗಳ. ಸಾಧ್ಯವೇ ಇಲ್ಲ ಎಂದವರೇ ಹೆಚ್ಚು. ವೇಗವನ್ನು ಉದ್ದದ ವರ್ಗಮೂಲದ ಪ್ರಮಾಣದಲ್ಲಿ ಇಳಿಸಿದರೆ ಮಾದರಿಯ ಅಲೆಗಳೂ ಹಡಗಿನ ಅಲೆಗಳೂ ಒಂದೇ ಆಕಾರಕ್ಕೆ ಬರುತ್ತವೆ ಎಂದು ಫ್ರೂಡ್ ತೋರಿಸಿದ. ಬ್ರಿಟಿಷ್ ನೌಕಾಪಡೆಯ ಹಣದಲ್ಲಿ 1870ರ ದಶಕದ ಆರಂಭದಲ್ಲಿ ಟಾರ್ಕೀ ಎಂಬ ಊರಿನ ತನ್ನ ಮನೆಯ ಪಕ್ಕ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿಕೊಂಡ. ಇಂದಿಗೂ ಹಡಗಿನ ವಿನ್ಯಾಸ ಅಂಥ ತೊಟ್ಟಿಗಳಲ್ಲಿ ಪರೀಕ್ಷೆಗೊಳಗಾಗುತ್ತದೆ.

ನನಗೆ ಇದಕ್ಕಿಂತ ಸ್ವಾರಸ್ಯ ಎನಿಸುವುದು ಫ್ರೂಡ್‌ನ ಹಿಂದಿನ ನೌಕರಿ. 1830ರ ದಶಕದ ಕೊನೆಯಲ್ಲಿ ಆತ ಬ್ರೂನೆಲ್ ಎಂಬ ಎಂಜಿನಿಯರನ ಕೈಕೆಳಗೆ ಬ್ರಿಸ್ಟಲ್–ಎಕ್ಸೆಟರ್ ರೈಲುಮಾರ್ಗದಲ್ಲಿ ದುಡಿಯುತ್ತಿದ್ದ. ನೇರ ಹಳಿ ಒಮ್ಮೆಲೇ ವೃತ್ತದ ತಿರುವಿಗೆ ಹೊರಳಿದರೆ ಗಾಡಿಗೆ ಪಕ್ಕದಿಂದ ಹೊಡೆತ ಬೀಳುತ್ತದೆ. ಬಾಗು ಸ್ವಲ್ಪ ಸ್ವಲ್ಪವಾಗಿ ಹೆಚ್ಚುವಂತೆ ಹಳಿ ಹಾಕುವ ವಿಧಾನವೊಂದನ್ನು ಆತ ಅಲ್ಲಿ ಬಳಕೆಗೆ ತಂದ. ಪುಟಾಣಿ ರೈಲಿನವರು ಇದನ್ನೇ ತೆಳುವಾದ ಮರದ ಪಟ್ಟಿಯಿಂದ ಸಾಧಿಸುತ್ತಾರೆ: ಪಟ್ಟಿಯ ಒಂದು ಭಾಗವನ್ನು ನೇರ ಹಳಿಯ ಗೆರೆಗೆ, ಇನ್ನೊಂದನ್ನು ತಿರುವಿನ ಗೆರೆಗೆ ಮೊಳೆಯಿಂದ ಹಿಡಿಸಿದರೆ ನಡುವಿನದು ತಾನಾಗಿ ಬೇಕಾದ ಬಾಗಿಗೆ ಬರುತ್ತದೆ. ಉದ್ದ ಬೋಗಿಗಳು ತಿರುವಿನ ಬಾಯಲ್ಲಿ ಹಳಿ ತಪ್ಪುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಮಾದರಿಗೆ ನಿಯಮ ಕೊಟ್ಟವನೂ ರೈಲಿಗೆ ತಿರುವು ಕೊಟ್ಟವನೂ ಒಬ್ಬನೇ!

ಮತ್ತೆ ಮಹಡಿ ಕೋಣೆಗೆ ಬರೋಣ. ಗಂಟೆಗೆ 60 ಕಿ.ಮೀ. ಓಡುವ ಗಾಡಿ ಎಚ್‌ಒದಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್ ಓಡಬೇಕು. ಇದು ಕಣ್ಣಿನ ಲೆಕ್ಕ, 87ರದ್ದು. ಗುರುತ್ವದ ಲೆಕ್ಕ 9.3ರದ್ದು, ಅದರ ಪ್ರಕಾರ ಸೆಕೆಂಡಿಗೆ 1.8 ಮೀಟರ್ ಓಡಿಸಿ, ಒಂಬತ್ತು ಪಟ್ಟು ನಿಧಾನ ಮಾಡಿ ನೋಡಬೇಕು. ಕಂಪ್ಯೂಟರ್ ಚಿತ್ರಗಳು ಬರುವ ಮೊದಲು ಸಿನಿಮಾದವರು ಮಾದರಿ ರೈಲಿನ ಅಪಘಾತವನ್ನು ಹೀಗೆಯೇ ಚಿತ್ರೀಕರಿಸುತ್ತಿದ್ದರು. ಕೋಣೆಯಲ್ಲಿ ಕಣ್ಣಾರೆ ನೋಡುವವರಿಗೆ ಈ ಉಪಾಯ ಒದಗದು. ಎರಡು ಲೆಕ್ಕಗಳಲ್ಲಿ ಒಂದನ್ನು ಬಿಡಲೇಬೇಕು. ಹವ್ಯಾಸಿಗಳು ಕಣ್ಣಿನ ಲೆಕ್ಕ ಉಳಿಸಿಕೊಂಡು ಗುರುತ್ವದ್ದನ್ನು ಮರೆಮಾಡುತ್ತಾರೆ.

ನಿಲ್ಲುವುದನ್ನೇ ತೆಗೆದುಕೊಳ್ಳಿ. ನಿಜವಾದ ಗಾಡಿ ಬ್ರೇಕ್ ಹಾಕಿದ ಮೇಲೆ 870 ಮೀಟರ್ ಓಡಿ ನಿಂತಿತು ಎನ್ನಿ. ಮಾದರಿಯಲ್ಲಿ ಅದು ಹತ್ತು ಮೀಟರ್ ಓಡಿ ನಿಲ್ಲಬೇಕು. ಘರ್ಷಣೆಯ ಪ್ರಮಾಣ ಅಸಲಿನಷ್ಟೇ ಇದ್ದರೂ ಅದು ಹನ್ನೊಂದೂವರೆ ಸೆಂಟಿಮೀಟರಿಗೇ ನಿಲ್ಲುತ್ತದೆ, ಏಕೆಂದರೆ ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಇದಕ್ಕೆ ಹಳೆಯ ಮದ್ದು ಮೋಟರಿನ ತುದಿಯ ಫ್ಲೈವೀಲ್ ಎಂಬ ಭಾರದ ಚಕ್ರ. ಹೊಸದು ಡಿಸಿಸಿ. ಜರ್ಮನಿಯ ಲೆನ್ಸ್ ಕಂಪನಿಯಲ್ಲಿ ಬೆಳೆದ ಈ ಪದ್ಧತಿಯಲ್ಲಿ ಹಳಿಯ ಮೂಲಕ ವಿದ್ಯುತ್ತಿನ ಜೊತೆಗೇ ಆಜ್ಞೆಯೂ ಸಾಗುತ್ತದೆ, ಎಂಜಿನ್ನಿನೊಳಗಿನ ಡಿಕೋಡರ್ ಅದನ್ನು ಓದುತ್ತದೆ. ಡಿಕೋಡರಿನ ಸಿವಿ 3, ಸಿವಿ 4 ಎಂಬ ಎರಡು ಅಂಕಿಗಳನ್ನು ಏರಿಸಿದರೆ ಸಾಕು, ಪುಟಾಣಿ ಎಂಜಿನ್ ನೂರಾರು ಟನ್ ಹೊತ್ತಂತೆ ಹೊರಡುತ್ತದೆ, ನಿಲ್ಲುತ್ತದೆ. ಗುರುತ್ವವನ್ನು ಹೀಗೆ ಮರೆಮಾಡುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಹ್ಯಾಂಬುರ್ಗಿನಲ್ಲಿ 2001ರಲ್ಲಿ ಬಾಗಿಲು ತೆರೆದ ಮಿನಿಯಾಟುರ್ ವುಂಡರ್‌ಲಾಂಡ್ ಪುಟಾಣಿ ರೈಲಿನ ಲೇಔಟುಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಅಲ್ಲಿನ ಪುಟಾಣಿ ವಿಮಾನಗಳೂ ರೆಕ್ಕೆಯ ಬಲದಿಂದ ಹಾರುವುದಿಲ್ಲ, ಸಣ್ಣ ಕಂಬಿಗಳು ಎತ್ತಿ ಹಿಡಿದಿರುತ್ತವೆ.

ನೈಜತೆ ಎಂದರೆ ಯಾವುದನ್ನು ಬಿಡಬೇಕೆಂಬ ಚೌಕಾಸಿ ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಒದಲ್ಲಿ ಅದಕ್ಕೆ ಎರಡು ಮೀಟರ್ ಬೇಕು. ಗಾಡಿ ತಿರುಗಿ ವಾಪಸು ಬರಬೇಕಾದರೆ ಕೋಣೆ ನಾಲ್ಕು ಮೀಟರಿಗಿಂತ ಅಗಲವಿರಬೇಕು. ಅಂಗಡಿಯ ಸೆಟ್ಟುಗಳಲ್ಲಿ 36 ಸೆಂಟಿಮೀಟರಿನ ತಿರುವು ಬರುತ್ತದೆ. ಅಸಲಿನಲ್ಲಿ ಅದು 31 ಮೀಟರ್. ಯಾವ ಬ್ರಾಡ್‌ಗೇಜ್ ಗಾಡಿಯೂ ಅಲ್ಲಿ ತಿರುಗದು. ಬಲ್ಲವರು ಅಂಥ ತಿರುವನ್ನು ಗುಡ್ಡದೊಳಗೆ, ಸುರಂಗದೊಳಗೆ ಅಡಗಿಸುತ್ತಾರೆ. 57 ಸುರಂಗಗಳಿರುವ ಘಾಟಿಯನ್ನು ಆರಿಸಿಕೊಂಡ ನಮ್ಮ ಓದುಗರಿಗೆ ಆ ಕಷ್ಟವಿಲ್ಲ.

ಭಾರತದ ಹವ್ಯಾಸಿಗಳಿಗೆ ಇನ್ನೊಂದು ಚೌಕಾಸಿ ಉಂಟು. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಅದು ಯುರೋಪು, ಅಮೆರಿಕದ 1435 ಮಿಲಿಮೀಟರ್ ಗೇಜಿಗೆ ಹೊಂದುತ್ತದೆ. ನಮ್ಮದು 1676. ನ್ಯಾಯವಾಗಿ 19.3 ಮಿಲಿಮೀಟರ್ ಬೇಕು. ಕೈಯಿಂದಲೇ ಹಳಿ ಕಟ್ಟಿ, ಚಕ್ರದ ಅಚ್ಚು ಉದ್ದ ಮಾಡಿ ಇದನ್ನು ಸಾಧಿಸಬಹುದು. ಹಾಗೆ ಮಾಡಿದವರ ಗಾಡಿ ಬೇರೆ ಯಾರ ಹಳಿಯ ಮೇಲೂ ಓಡದು, ಬೇರೆಯವರದು ಇವರಲ್ಲಿ ಓಡದು.

ಈ ಹವ್ಯಾಸದ ಅರ್ಧ ಸುಖ ಇರುವುದೇ ಕೂಡಿ ಓಡಿಸುವುದರಲ್ಲಿ. ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡಲಿ ಎಂದೇ ಅಮೆರಿಕದ ಹವ್ಯಾಸಿಗಳು 1935ರಲ್ಲಿ ಎನ್‌ಎಂಆರ್‌ಎ ಎಂಬ ಸಂಘ ಕಟ್ಟಿ ಚಕ್ರ, ಹಳಿಗಳ ಮಾನಕ ಬರೆದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಎನ್‌ಟ್ರ್ಯಾಕ್ ಮಾಡ್ಯೂಲ್ ತಂದರು. ಪ್ರತಿಯೊಬ್ಬರೂ ಮನೆಯಲ್ಲಿ ಒಂದು ಹಲಗೆಯಷ್ಟು ಊರು ಕಟ್ಟುತ್ತಾರೆ. ಎತ್ತರ, ಅಂಚಿನಲ್ಲಿ ಹಳಿಗಳ ಜಾಗ, ವೈರಿನ ಜೋಡಣೆ ಇಷ್ಟು ಎಲ್ಲರಿಗೂ ಒಂದೇ. ಸೇರಿದ ದಿನ ಹಲಗೆಗಳನ್ನು ಸಾಲಾಗಿ ಜೋಡಿಸಿದರೆ ಯಾರ ಮನೆಯಲ್ಲೂ ಹಿಡಿಸದಷ್ಟು ಉದ್ದದ ಮಾರ್ಗ. ನಡುವೆ ಮರುಭೂಮಿ ಇಡುತ್ತೀರೋ ಕಾಫಿ ತೋಟ ಇಡುತ್ತೀರೋ, ಯಾರೂ ಕೇಳುವುದಿಲ್ಲ.

ಆದ್ದರಿಂದ ಹೊಸಬರು ಕೇಳಿದರೆ ನನ್ನ ಸಲಹೆ: 16.5 ಮಿಲಿಮೀಟರನ್ನೇ ಹಿಡಿಯಿರಿ. ಎರಡೂಮುಕ್ಕಾಲು ಮಿಲಿಮೀಟರಿನ ಸುಳ್ಳು ಪಕ್ಕದಿಂದ ನೋಡುವವರಿಗೆ ಕಾಣುವುದಿಲ್ಲ. ವೇಗದ ಸುಳ್ಳು ಮಾತ್ರ ಎಲ್ಲರಿಗೂ ಕಾಣುತ್ತದೆ. ಹಳಿಯ ಪಕ್ಕ ಒಂದು ಮೀಟರ್ ಗುರುತು ಹಾಕಿ. ಅದನ್ನು ದಾಟಲು ಪ್ಯಾಸೆಂಜರ್ ಗಾಡಿಗೆ ಐದು ಸೆಕೆಂಡಿಗಿಂತ ಕಡಿಮೆ ಹಿಡಿಯಬಾರದು, ಘಾಟಿ ಹತ್ತುವ ಗೂಡ್ಸಿಗೆ ಹತ್ತು ಸೆಕೆಂಡಾದರೂ ಬೇಕು. ಓದುಗರ ವಿಡಿಯೊದಲ್ಲಿ ಗೂಡ್ಸು ಎರಡೇ ಸೆಕೆಂಡಿನಲ್ಲಿ ಅಷ್ಟು ದೂರ ಹಾರಿಹೋಗಿತ್ತು.