ಮರಳುನಾಡಿನಲ್ಲಿ ಒಬ್ಬರೇ, ಆತುರವಿಲ್ಲದೆ

1874ರ ಆರಂಭದಲ್ಲಿ ಈಜಿಪ್ಟಿನ ದಕ್ಷಿಣದಂಚಿನ ಅಬು ಸಿಂಬೆಲ್‌ನಲ್ಲಿ ಒಂದು ಅಪರೂಪದ ಕೆಲಸ ನಡೆಯಿತು. ಪ್ರಾಚೀನ ದೊರೆ ಎರಡನೇ ರಾಮ್ಸೆಸ್‌ನ ಕುಳಿತ ಭಾರೀ ವಿಗ್ರಹಗಳಲ್ಲಿ ಉತ್ತರ ತುದಿಯದರ ಮುಖಕ್ಕೆ ಪ್ಲಾಸ್ಟರಿನ ಬಿಳಿ ಗಂಟುಗಳು ಮೆತ್ತಿಕೊಂಡಿದ್ದವು. ದಶಕಗಳ ಹಿಂದೆ ಅಚ್ಚು ತೆಗೆದವರು ಹಾಗೇ ಬಿಟ್ಟು ಹೋಗಿದ್ದರು. ಇಂಗ್ಲೆಂಡಿನ ಕಾದಂಬರಿಗಾರ್ತಿ ಅಮೇಲಿಯಾ ಎಡ್ವರ್ಡ್ಸ್ ತಮ್ಮ ದೋಣಿಯ ನಾವಿಕರನ್ನು ಅಟ್ಟಣಿಗೆ ಹತ್ತಿಸಿ ಅದನ್ನು ಕೆರೆಸಿದರು. ಆಮೇಲೂ ಉಳಿದ ಬಿಳಿ ಕಲೆಗಳಿಗೆ ಗಟ್ಟಿ ಕಾಫಿ ಬಳಿಸಿ ಕಲ್ಲಿನ ಬಣ್ಣಕ್ಕೆ ತಂದರು. ಕಾಫಿ ಖರ್ಚಾದ ಪರಿ ಕಂಡು ದೋಣಿಯ ಅಡುಗೆಯವನು ಗಾಬರಿಬಿದ್ದನಂತೆ.

ಇವತ್ತು ಯಾರೂ ಹಾಗೆ ಕಲ್ಲು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಆದರೆ ಆ ಕೆಲಸಕ್ಕೆ ಬೇಕಾದ ಪುರುಸೊತ್ತು ಎಡ್ವರ್ಡ್ಸ್ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಗಮನಿಸಬೇಕು. ಪೂರ್ತಿ ಒಂಟಿಯಾಗಿ ಬಂದವರಲ್ಲ ಅವರು; ಗೆಳತಿಯೊಬ್ಬರು ಜೊತೆಗಿದ್ದರು. ಆದರೆ ಗಂಡ, ಅಣ್ಣ, ಯಜಮಾನ ಎಂಬ ಯಾರ ಅಪ್ಪಣೆಗೂ ಕಾಯದೆ, ಯುರೋಪಿನ ಮಳೆ ತಪ್ಪಿಸಿಕೊಳ್ಳಲು ಹೊರಟು ನೈಲ್ ನದಿಯವರೆಗೆ ಬಂದವರು. ಬೇಕೆನಿಸಿದಲ್ಲಿ ದೋಣಿ ಕಟ್ಟಿ ದಿನಗಟ್ಟಲೆ ನಿಂತರು. ಹಾಗೆ ನಿಂತದ್ದರಿಂದಲೇ ಅವರ ತಂಡಕ್ಕೆ ಅಬು ಸಿಂಬೆಲ್‌ನ ಮರಳಿನಡಿ ಬಣ್ಣದ ಚಿತ್ರಗಳಿದ್ದ ಒಂದು ಕೋಣೆ ಸಿಕ್ಕಿತು.

ಒಬ್ಬರೇ ತಿರುಗುವುದರ ಲಾಭವೆಂದರೆ ನನ್ನ ಮಟ್ಟಿಗೆ ಇದೇ: ಹೊತ್ತು ನಮ್ಮ ಕೈಯಲ್ಲಿರುತ್ತದೆ. ಧೈರ್ಯ, ಆತ್ಮಶೋಧನೆ ಇತ್ಯಾದಿಗಳೆಲ್ಲ ಆಮೇಲಿನ ಮಾತು. ಪ್ಯಾಕೇಜ್ ಪ್ರವಾಸದವರು ಅಬು ಸಿಂಬೆಲ್ ನೋಡಲು ನಸುಕಿಗೂ ಮುಂಚೆ ಅಸ್ವಾನ್ ಬಿಟ್ಟು, ಮುನ್ನೂರು ಕಿಲೋಮೀಟರ್‌ಗೆ ಹತ್ತಿರದ ಮರುಭೂಮಿಯ ರಸ್ತೆ ಸವೆಸಿ, ಗಂಟೆ ಎರಡು ಗಂಟೆ ನೋಡಿ, ಅದೇ ದಾರಿಯಲ್ಲಿ ವಾಪಸಾಗುತ್ತಾರೆ. ಒಬ್ಬರೇ ಹೋದವರು ಆ ಹಳ್ಳಿಯಲ್ಲೇ ರಾತ್ರಿ ಉಳಿಯಬಹುದು. ಬಸ್ಸುಗಳೆಲ್ಲ ಹೊರಟ ಮೇಲೆ ವಿಗ್ರಹಗಳ ಎದುರು ಕೂತು, ಆ ಬೆಟ್ಟ ನಿಜವಾದ ಬೆಟ್ಟವಲ್ಲ ಎಂಬುದನ್ನು ನಿಧಾನವಾಗಿ ಕಾಣಬಹುದು. ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗಬೇಕಿದ್ದ ದೇವಾಲಯವನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಸಾಗಿಸಿ ಮತ್ತೆ ಜೋಡಿಸಲಾಯಿತು. ಹಿಂದಿರುವ ಗುಡ್ಡ ಮನುಷ್ಯರೇ ಕಟ್ಟಿದ್ದು. ಕೊಯ್ದ ಗೆರೆಗಳನ್ನು ಕಲ್ಲಿನ ಮೇಲೆ ಹುಡುಕುತ್ತಾ ಕೂತರೆ ಸಂಜೆ ಸರಿದದ್ದೇ ತಿಳಿಯುವುದಿಲ್ಲ.

ಊರುಗಳ ನಡುವೆ ಓಡಾಡುವುದು ಅಂಥ ಕಷ್ಟವೇನಲ್ಲ. ಕೈರೋದಿಂದ ಲಕ್ಸರ್, ಅಸ್ವಾನ್‌ಗೆ ನದಿಗುಂಟ ರೈಲಿದೆ. ಲಕ್ಸರಿನಲ್ಲಿ ಊರವರು ಹತ್ತುವ ಲಾಂಚಿನಲ್ಲೇ ನೈಲ್ ದಾಟಿ ರಾಜರ ಕಣಿವೆಯ ಕಡೆ ಹೋಗಬಹುದು. ಸಸ್ಯಾಹಾರಿಗಳೂ ಹಸಿದಿರಬೇಕಿಲ್ಲ: ಅನ್ನ, ಬೇಳೆ, ಮ್ಯಾಕರೋನಿ, ಕಡಲೆ ಬೆರೆಸಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ಕೊಶಾರಿ ಬೀದಿಬೀದಿಯಲ್ಲಿ ಸಿಗುತ್ತದೆ.

ಹೆಣ್ಣುಮಕ್ಕಳ ಮಾತು ಬಂದಾಗ ನೇರವಾಗಿಯೇ ಹೇಳಬೇಕು. ಬೀದಿಯ ಕಿರುಕುಳ ಅಲ್ಲಿ ನಿಜ. 2013ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ನಡೆಸಿದ ಸಮೀಕ್ಷೆಯಲ್ಲಿ ಶೇ 99.3ರಷ್ಟು ಈಜಿಪ್ಟ್ ಮಹಿಳೆಯರು ಒಂದಲ್ಲ ಒಂದು ಬಗೆಯ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಮರುವರ್ಷ ಅದನ್ನು ಅಪರಾಧವೆಂದು ಸಾರುವ ಕಾನೂನು ಬಂತು. ಕೈರೋ ಮೆಟ್ರೋದಲ್ಲಿ ನಡುವಿನ ಬೋಗಿಗಳು ಹೆಂಗಸರಿಗೇ ಮೀಸಲು. ಒಬ್ಬಳೇ ಬಂದ ಪರದೇಶದವಳಿಗೆ ಆ ಬೋಗಿ ಬರೀ ಆಸರೆಯಲ್ಲ. ಕಾಲೇಜಿನ ಹುಡುಗಿಯರು, ಮಾರುಕಟ್ಟೆಯ ಚೀಲ ಹಿಡಿದ ತಾಯಂದಿರು ಪಕ್ಕದಲ್ಲೇ ಕೂತು ಮಾತಿಗೆ ಸಿಗುವ ಜಾಗ.

ಮರುಭೂಮಿಯ ಲೆಕ್ಕವೇ ಬೇರೆ. ದೇಶದ ಶೇ 95ಕ್ಕೂ ಹೆಚ್ಚು ಭಾಗ ಮರಳು, ಬಂಡೆ; ಹತ್ತು ಕೋಟಿಗೂ ಮೀರಿದ ಜನ ಬಹುಪಾಲು ನದಿಯ ಅಂಚಿನ ಹಸಿರು ಪಟ್ಟಿಯಲ್ಲೇ ಬದುಕುತ್ತಾರೆ. ಆ ಪಟ್ಟಿ ದಾಟಿ ಒಬ್ಬರೇ ಹೋಗುವ ಯೋಚನೆ ಬಿಡಬೇಕು. ಫರಾಫ್ರಾ ಬಳಿಯ ಬಿಳಿ ಮರುಭೂಮಿಯ ಸುಣ್ಣಕಲ್ಲಿನ ಕಂಬಗಳನ್ನು ನೋಡಲು ಅನುಮತಿ ಪತ್ರ, ಸ್ಥಳೀಯ ಮಾರ್ಗದರ್ಶಿ, ಮರಳಲ್ಲಿ ಓಡುವ ಗಾಡಿ ಎಲ್ಲವೂ ಬೇಕು. 2015ರ ಸೆಪ್ಟೆಂಬರಿನಲ್ಲಿ ಈ ಪಶ್ಚಿಮ ಮರುಭೂಮಿಯಲ್ಲೇ ಭದ್ರತಾ ಪಡೆಗಳು ಉಗ್ರರೆಂದು ತಪ್ಪು ತಿಳಿದು ಪ್ರವಾಸಿಗರ ತಂಡದ ಮೇಲೆ ದಾಳಿ ನಡೆಸಿ 12 ಮಂದಿಯನ್ನು ಕೊಂದವು. ಅವರಲ್ಲಿ ಎಂಟು ಜನ ಮೆಕ್ಸಿಕೊದವರು. ಉತ್ತರದ ಅಲ್ ಅಲಮೇನ್ ಸುತ್ತ ಎರಡನೇ ಮಹಾಯುದ್ಧದ ನೆಲಬಾಂಬುಗಳು ಇನ್ನೂ ಹುದುಗಿವೆ. ಮರುಭೂಮಿಯ ನಿಯಮಗಳು ಕಿರಿಕಿರಿ ಅನ್ನಿಸಿದಾಗ ಇವೆರಡನ್ನು ನೆನೆದರೆ ಸಾಕು.

ಆದರೂ ಮರುಭೂಮಿಯ ಅಂಚಿಗಾದರೂ ಹೋಗಿ ಬರಬೇಕು, ಯಾಕೆಂದರೆ ಈಜಿಪ್ಟನ್ನು ಉಳಿಸಿಕೊಟ್ಟಿರುವುದು ಆ ಒಣಹವೆ. ಲಿಬಿಯಾ ಗಡಿಯ ಹತ್ತಿರದ ಸಿವಾ ಓಯಸಿಸ್‌ನಲ್ಲಿ ಶಾಲಿ ಎಂಬ ಹಳೇ ಕೋಟೆಯೂರು ಇದೆ. ಗೋಡೆಗಳು ಉಪ್ಪುಗಟ್ಟಿದ ಮಣ್ಣಿನವು. ಹತ್ತಿರದಿಂದ ನೋಡಿದರೆ ಮಣ್ಣಿನ ನಡುವೆ ಉಪ್ಪಿನ ಹರಳುಗಳು ಕಾಣುತ್ತವೆ. ಶತಮಾನಗಳ ಕಾಲ ನಿಂತಿದ್ದ ಆ ಊರನ್ನು 1926ರ ಜಡಿಮಳೆ ಕರಗಿಸಿ ಹಾಕಿತು. ತೇವ ಈಗ ಬೇರೆ ದಾರಿಗಳಲ್ಲೂ ಬರುತ್ತಿದೆ. ಅಂತರ್ಜಲ ಮೇಲೇರಿ ಕಾರ್ನಾಕ್, ಲಕ್ಸರ್ ದೇವಾಲಯಗಳ ಬುಡದಲ್ಲಿ ಉಪ್ಪು ಹರಳುಗಟ್ಟಿ ಕಲ್ಲು ಪುಡಿಯಾಗತೊಡಗಿತ್ತು. ನೀರಿನ ಮಟ್ಟ ಇಳಿಸಲು ದೊಡ್ಡ ಕಾಮಗಾರಿಯೇ ನಡೆಯಬೇಕಾಯಿತು. ರಾಜರ ಕಣಿವೆಯ ಸಮಾಧಿಗಳ ಒಳಗೆ ಪ್ರವಾಸಿಗರ ಉಸಿರು, ಬೆವರು ಸಾಕು ಗೋಡೆಯ ಬಣ್ಣ ಕೆಡಿಸಲು. ರಾಜ ಟುಟಾಂಖಾಮೂನನ ಸಮಾಧಿಯ ತದ್ರೂಪು 2014ರಿಂದ, ಮೂಲ ಸಮಾಧಿಯನ್ನು ಪತ್ತೆಹಚ್ಚಿದ ಹೊವಾರ್ಡ್ ಕಾರ್ಟರ್ ಇದ್ದ ಮನೆಯ ಬಳಿ ಇದೆ. ಅಲ್ಲಿ ಚಿತ್ರಗಳ ಮುಂದೆ ಎಷ್ಟು ಹೊತ್ತು ನಿಂತರೂ ಯಾವ ಗೋಡೆಗೂ ಹಾನಿಯಿಲ್ಲ. ಮೂಲವನ್ನೇ ನೋಡಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ; ಆದರೂ ತದ್ರೂಪಿಗೆ ಹೋಗಿ ಎಂದೇ ಹೇಳುತ್ತೇನೆ.

ಎಡ್ವರ್ಡ್ಸ್ ಊರಿಗೆ ಮರಳಿ 1877ರಲ್ಲಿ ಪ್ರವಾಸ ಕಥನ ಪ್ರಕಟಿಸಿದರು. ಸ್ಮಾರಕಗಳು ಕಳ್ಳರ, ಕೊಳ್ಳುವವರ ಪಾಲಾಗುತ್ತಿದ್ದ ಸಂಕಟ ಅವರನ್ನು ಬಿಡಲಿಲ್ಲ. 1882ರಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಶನ್ ಫಂಡ್ ಹುಟ್ಟಿಸಿದವರಲ್ಲಿ ಅವರೇ ಮುಂದಾಳು. ಹದಿಹರೆಯದ ಕಾರ್ಟರ್ ಮೊದಲು ಈಜಿಪ್ಟಿಗೆ ಬಂದದ್ದು ಆ ಸಂಸ್ಥೆಯ ಕೆಲಸಕ್ಕೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ರ ಚಳಿಗಾಲದಲ್ಲಿ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳನ್ನು ಅಗೆಯಲು ತೊಡಗಿದ್ದೂ ಅದರ ನೆರವಿನಿಂದ. ಮಳೆ ಕಾಣದ, ನೆರೆ ಮುಟ್ಟದ ಆ ತಿಪ್ಪೆಗಳಲ್ಲಿ ಲಕ್ಷಾಂತರ ಪಪೈರಸ್ ಚೂರುಗಳು ಕೊಳೆಯದೆ ಉಳಿದಿದ್ದವು.

ಅಲ್ಲಿ ಸಿಕ್ಕ, 1903ರಲ್ಲಿ ಅಚ್ಚಾದ 413ನೇ ಪಪೈರಸ್ ಒಂದು ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕ್ಯಾರಿಷನ್ ಎಂಬ ಯುವತಿಯನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಅದಕ್ಕಾಗಿ ಅಲ್ಲಿನ ರಾಜನಿಗೆ, ಅವನ ಕಡೆಯವರಿಗೆ ಕುಡಿಸಿ ಅಮಲೇರಿಸುತ್ತಾರೆ. ರಾಜನ ಕಡೆಯವರು ಆಡುವ ಗ್ರೀಕೇತರ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಆ ಜಾಡು ಹಿಡಿದು ಬರೆದರು, ಒಪ್ಪದವರೂ ಇದ್ದರು. ವಾದ ಇಂದಿಗೂ ತೀರ್ಮಾನವಾಗಿಲ್ಲ.

ಆ ಹಾಳೂರು ಇಂದಿನ ಅಲ್ ಬಹ್ನಸಾ, ಮಿನ್ಯಾ ಪ್ರಾಂತ್ಯದಲ್ಲಿದೆ. ಕೈರೋ, ಲಕ್ಸರ್ ನಡುವೆ ಹಾರಿ ಹೋಗುವ ಪ್ರವಾಸಿ ತಂಡಗಳ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆರಂಭಕಾಲದ ಮುಸ್ಲಿಂ ಯೋಧರ ಗೋರಿಗಳಿಗೆ ನಡೆದುಕೊಳ್ಳುವ ಸುತ್ತಲಿನವರು ಬರುತ್ತಾರೆ. ಪಪೈರಸ್ ಬಲ್ಲವರು ಅಪರೂಪಕ್ಕೆ ಬರುತ್ತಾರೆ. ನೋಡಲು ಹೆಚ್ಚೇನಿಲ್ಲ: ತಿಪ್ಪೆ ಅಗೆದ ದಿಬ್ಬಗಳು, ಮಡಕೆ ಚೂರುಗಳು, ಒಂದು ಪಕ್ಕ ಯೂಸುಫನ ಕಾಲುವೆ, ಇನ್ನೊಂದು ಪಕ್ಕ ಮರಳು. ಒಬ್ಬರೇ ಹೊರಟ ಕನ್ನಡಿಗರು ಅದಕ್ಕೊಂದು ದಿನ ಎತ್ತಿಡಬಹುದು. ಪೊಲೀಸರು ಭದ್ರತೆಗೆಂದು ಜೊತೆಗೆ ಬರುತ್ತೇವೆಂದರೆ ಬೇಡವೆನ್ನಬೇಕಿಲ್ಲ.